ಚೀಟಿ ಇಲ್ಲದ ಕಣ್ಣು

ನಮ್ಮ ಭಾವನಿಗೆ ಊರಿನವರು ಇಟ್ಟ ಹೆಸರು ಕಾಲು ಪಾಯಿಂಟ್. ಹಿಂದಿನಿಂದ ಆಡಿಕೊಳ್ಳುವಾಗ ಬರೀ ಕಾಲು ಪಾಯಿಂಟ್, ಎದುರಿಗೆ ಸಿಕ್ಕಾಗ ಮೇಷ್ಟ್ರೇ ಎಂದು ಬಾಲ ಸೇರಿಸುತ್ತಾರೆ. ಭಾವ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಕನ್ನಡಕದ ಅಂಗಡಿ ಇಟ್ಟವರು. ಮೂವತ್ತೆರಡು ವರ್ಷದಿಂದ ಕಣ್ಣು ನೋಡಿ, ಪವರಿನ ಚೀಟಿ ಬರೆದು, ಗಾಜು ತೀಡಿ, ಫ್ರೇಮಿಗೆ ಕೂರಿಸಿ ಕೊಡುತ್ತಿದ್ದಾರೆ. ಬೇರೆ ಅಂಗಡಿಯವರು ಹತ್ತು ನಿಮಿಷದಲ್ಲಿ ಸಾಗಹಾಕುವ ಗಿರಾಕಿಯನ್ನು ಇವರು ಮುಕ್ಕಾಲು ಗಂಟೆ ಕೂರಿಸಿಕೊಂಡು "ಇದು ಚೆನ್ನಾಗಿದ್ಯಾ, ಇದಾ? ಇನ್ನೊಂದ್ಸಲ ನೋಡಿ, ಕಾಲು ಪಾಯಿಂಟ್ ಜಾಸ್ತಿ ಮಾಡ್ತೀನಿ" ಎಂದು ಪ್ರಾಣ ತಿನ್ನುತ್ತಾರೆ. ಕಾಲು ಪಾಯಿಂಟ್ ಹೆಚ್ಚಾದರೆ ತಲೆನೋವು, ಕಡಿಮೆಯಾದರೆ ಮಬ್ಬು ಎನ್ನುವುದು ಅವರ ವಾದ. ಅಷ್ಟು ಹೊತ್ತಿಗೆ ಗಿರಾಕಿಗೆ ಹೇಗೂ ತಲೆನೋವು ಬಂದಿರುತ್ತದೆ.

ಇದನ್ನೆಲ್ಲ ನಾನು ಬಲ್ಲೆ, ಯಾಕೆಂದರೆ ಅದೇ ಅಂಗಡಿಯ ಬಲಮೂಲೆಯಲ್ಲಿ, ಗಾಜಿನ ಕಪಾಟಿಗೂ ಕಿಟಕಿಗೂ ನಡುವೆ ಉಳಿದ ಎರಡು ಮೊಳ ಜಾಗದಲ್ಲಿ ನನ್ನ ಮೇಜಿದೆ. ನನ್ನದು ವಾಚ್ ರಿಪೇರಿ. ಅಕ್ಕನನ್ನು ಮದುವೆಯಾದ ವರ್ಷ ಭಾವ ನನಗೆ ಈ ಮೂಲೆ ಬಿಟ್ಟುಕೊಟ್ಟರು. ಅಂದಿನಿಂದ ಇಂದಿನವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಕ್ಕ ಹೇಳುತ್ತಾಳೆ. ಇಂಥ ಮನುಷ್ಯನ ಪಕ್ಕ ಇಪ್ಪತ್ತಾರು ವರ್ಷ ಕೂತು ನೋಡಲಿ, ಆಮೇಲೆ ಮಾತಾಡೋಣ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ವಾಚು ಬಿಚ್ಚಿ, ತೊಳೆದು, ಮತ್ತೆ ಮುಚ್ಚುವ ಮುಂಚೆ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಾರೀಕು ಗೀಚುತ್ತೇವೆ. ಕಟ್ಟಿಕೊಂಡವನಿಗೆ ಅದು ಜನ್ಮದಲ್ಲಿ ಕಾಣುವುದಿಲ್ಲ. ಮುಂದೆ ಆ ವಾಚು ಬಿಚ್ಚುವ ಕೈಗೆ ಮಾತ್ರ, ಹಿಂದಿನ ಕೈ ಯಾವಾಗ ಕೆಲಸ ಮಾಡಿತ್ತೆಂದು ತಿಳಿಯುತ್ತದೆ. ಒಂದು ದಿನ ಭಾವ ನನ್ನ ಹೆಗಲ ಮೇಲಿಂದ ಬಗ್ಗಿ ಇದನ್ನು ನೋಡಿದರು. ಮಾರನೆಯ ದಿನ ನನ್ನ ಸೂಜಿ ಕಾಣೆ. ಹಿಂದಿನ ಕೋಣೆಗೆ ಹೋಗಿ ನೋಡಿದರೆ, ಒಂದು ಪುಟಾಣಿ ಕನ್ನಡಕದ ಕಡ್ಡಿಯ ಒಳಮೈಯಲ್ಲಿ, ಕಿವಿಯ ಹಿಂದೆ ಅಡಗುವ ಕಡೆ, ನಾಲಿಗೆ ಕಚ್ಚಿಕೊಂಡು ತಿಂಗಳು, ವರ್ಷ ಗೀಚುತ್ತಿದ್ದಾರೆ.

"ಎಲ್ಲಾ ಗಿರಾಕಿಗಳಿಗೂ ಇದೇ ಸೇವೆನಾ ಭಾವ?" ಎಂದೆ.

"ಇಲ್ಲಯ್ಯ. ಪುಟ್ಟಿದು ಮಾತ್ರ."

ಪುಟ್ಟಿ ಅಂದರೆ ಅವರ ಒಬ್ಬಳೇ ಮಗಳು. ಆಗ ಅವಳಿಗೆ ಆರು ವರ್ಷ. ಕರಿಹಲಗೆ ಕಾಣುವುದಿಲ್ಲವೆಂದು ಶಾಲೆಯಿಂದ ದೂರು ಬಂದಿತ್ತು. ಕನ್ನಡಕದ ಅಂಗಡಿಯವರ ಮಗಳಿಗೇ ಕಣ್ಣು ಕಾಣದ್ದು ತಿಳಿಯಲು ಶಾಲೆಯವರು ಹೇಳಬೇಕಾಯಿತಲ್ಲ ಎಂದು ಭಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಅವಳ ಕಣ್ಣು ಅವರ ಸ್ವಂತ ಖಾತೆಯಾಯಿತು. ಆರೇಳು ತಿಂಗಳಿಗೊಮ್ಮೆ ಅಂಗಡಿ ಮುಚ್ಚುವ ಹೊತ್ತಿಗೆ ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಮಾಡುವುದು, ಪವರ್ ಏರಿದ್ದರೆ ತಾವೇ ಗಾಜು ತೀಡುವುದು, ಹಳೆಯ ಕನ್ನಡಕವನ್ನು ಹಿಂದಿನ ಕೋಣೆಯ ಹಲಗೆಗೆ ಮೊಳೆ ಹೊಡೆದು ನೇತುಹಾಕುವುದು. ಊರಿಗೆಲ್ಲ ಚೀಟಿ ಬರೆದುಕೊಟ್ಟ ಮನುಷ್ಯ ಮಗಳಿಗೆ ಒಂದು ಸಲವೂ ಚೀಟಿ ಬರೆಯಲಿಲ್ಲ. ಬರೆಯುವವರೂ ಅವರೇ, ಓದಿ ಗಾಜು ತೀಡುವವರೂ ಅವರೇ. ಮತ್ತೆ ಯಾರಿಗೆ ತೋರಿಸಲು ಬರೆಯಬೇಕು? ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಇದೇ ನಮ್ಮ ಕುತ್ತಿಗೆಗೆ ಬಂತು.

ಬೀದಿಯ ಹುಡುಗರು ಅವಳನ್ನು ಸೋಡಾಬುಡ್ಡಿ ಎಂದರು. ಮೊದಲು ಹಾಗೆ ಕರೆದವನಿಗೆ ಅವಳು ಶಾಲೆಯ ಚೀಲದಿಂದ ಬಾರಿಸಿದಳು. ಆಮೇಲೆ ಏನನಿಸಿತೋ, ಆ ಹೆಸರನ್ನು ತಾನೇ ಇಟ್ಟುಕೊಂಡುಬಿಟ್ಟಳು. "ಬುಡ್ಡಿ ಬಂದ್ಳು, ದಾರಿ ಬಿಡಿ!" ಎಂದು ಕೂಗುತ್ತ ಮೆಟ್ಟಿಲು ಹತ್ತುತ್ತಿದ್ದಳು. ಈಗ ನನಗೂ ಅವಳು ಬುಡ್ಡಿಯೇ. ಹುಚ್ಚು ಮಾತ್ರ ನೀರಿನದು. ಕೊಳಕ್ಕೆ ಇಳಿದರೆ ಜಪ್ಪಯ್ಯ ಎಂದರೂ ಮೇಲೆ ಬರುವವಳಲ್ಲ. ಕನ್ನಡಕವಿಲ್ಲದೆ ನೀರಿಗಿಳಿದು ಎರಡು ಸಲ ಗೋಡೆಗೆ ತಲೆ ಹೊಡೆಸಿಕೊಂಡ ಮೇಲೆ ಭಾವ ಈಜುಗಾರರ ಕನ್ನಡಕಕ್ಕೇ ಪವರ್ ಗಾಜು ಕೂರಿಸಿಕೊಟ್ಟರು. ಹತ್ತೊಂಬತ್ತಕ್ಕೆ ಅವಳು ಊರಿನ ಈಜುಕೊಳದಲ್ಲಿ ಕಾವಲಿನ ಕೆಲಸಕ್ಕೆ ಸೇರಿದಳು. ಎತ್ತರದ ಕುರ್ಚಿ, ಕೊರಳಲ್ಲಿ ಸೀಟಿ, ಮುಳುಗುವವರನ್ನು ಎಳೆದು ಹಾಕುವ ಕೆಲಸ. ಮೊದಲ ವರ್ಷವೇ ಮೂರು ಜನರನ್ನು ಎಳೆದು ಹಾಕಿದಳು. ಅವರಲ್ಲಿ ಒಬ್ಬ ಅವಳಿಗಿಂತ ಎರಡರಷ್ಟು ದಪ್ಪ.

ಈಜುಕೊಳದ ಗೋಡೆಯ ಮೇಲೆ ಸೈನ್ಯದವರ ಒಂದು ಪೋಸ್ಟರ್ ಬಂತು. ಸೈನ್ಯದಲ್ಲಿ ಒಂದು ವಿಶೇಷ ದಳ. ಹೆಲಿಕಾಪ್ಟರಿನಿಂದ ನೇರ ಕಡಲಿಗೆ ಜಿಗಿದು, ಒಡೆದ ಹಡಗಿನಿಂದಲೋ ಬಿದ್ದ ವಿಮಾನದಿಂದಲೋ ಜನರನ್ನು ಹೊತ್ತು ತರುವವರು. ನೂರಕ್ಕೆ ಹತ್ತು ಮಂದಿಯೂ ಆಯ್ಕೆಯಾಗುವುದಿಲ್ಲ. ಬುಡ್ಡಿ ಅದರ ಮುಂದೆ ನಿಂತವಳು ನಿಂತೇ ಇದ್ದಳಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳು: ವಯಸ್ಸು ಇಪ್ಪತ್ತನಾಲ್ಕು ತುಂಬಿರಬಾರದು, ಕನ್ನಡಕವಿಲ್ಲದೆ ಎರಡು ಕಣ್ಣೂ ಸ್ವಚ್ಛ ಕಾಣಬೇಕು, ಲೇಸರ್ ಆಪರೇಷನ್ ಮಾಡಿಸಿಕೊಂಡಿದ್ದರೆ ನಡೆಯುತ್ತದೆ, ಆದರೆ ಆಪರೇಷನ್ನಿಗೆ ಮುಂಚೆ ಪವರ್ ಆರು ದಾಟಿರಬಾರದು, ಅದಕ್ಕೆ ಹಿಂದಿನ ಒಂದು ವರ್ಷ ಬದಲಾಗಿರಬಾರದು, ಆಪರೇಷನ್ ಆಗಿ ಒಂದು ವರ್ಷ ಕಳೆದಿರಬೇಕು.

ಅವಳು ಮನೆಗೆ ಬಂದು ಊಟಕ್ಕೆ ಕೂತಾಗ ವಿಷಯ ತೆಗೆದಳು. ನಾನೂ ಅಲ್ಲಿದ್ದೆ. ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ದಿನಕ್ಕೆ ನಲವತ್ತು ಮಕ್ಕಳ ಗಲಾಟೆ ಕೇಳಿ ಬಂದವಳಿಗೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಅವಳು "ನೋವಾಗುತ್ತಾ?" ಎಂದು ಮಾತ್ರ ಕೇಳಿದಳು. ಭಾವನ ಮುಖ ಮಾತ್ರ ನೋಡುವಂತಿರಲಿಲ್ಲ.

"ನಾನು ಮಾಡಿಕೊಟ್ಟ ಕನ್ನಡಕ ಭಾರ ಆಯ್ತಾ ನಿಂಗೆ?" ಎಂದರು.

"ಅಪ್ಪ, ನೀನು ಮಾಡಿಕೊಟ್ಟ ಕನ್ನಡಕ ಹಾಕ್ಕೊಂಡೇ ಅಲ್ವಾ ಆ ಪೋಸ್ಟರ್ ಓದಿದ್ದು?"

ಭಾವ ತಟ್ಟೆ ಬಿಟ್ಟು ಎದ್ದರು. ನಾಲ್ಕು ದಿನ ಮುಖ ಊದಿಸಿಕೊಂಡು ಗಾಜು ತೀಡಿದರು. ಅಂಗಡಿಗೆ ಬಂದವರೆಲ್ಲ ಕನ್ನಡಕ ಕೊಳ್ಳಬೇಕು, ಮಗಳು ಮಾತ್ರ ಕಳಚಬೇಕು. ಅವರಿಗೆ ಅದು ಕಸುಬಿಗೇ ಆದ ಅವಮಾನ. ನಾನೂ ಸುಮ್ಮನಿರಲಾರದೆ ಒಂದು ಮಾತು ಎಸೆದೆ: "ಭಾವ, ನನ್ನ ಮಗ ಮೊಬೈಲಲ್ಲಿ ಟೈಮ್ ನೋಡ್ತಾನೆ. ನಾನೇನು ನೇಣು ಹಾಕ್ಕೊಂಡ್ನಾ?" ಐದನೆಯ ದಿನ ಅವರು ಅಂಗಡಿಗೆ ಬರಲೇ ಇಲ್ಲ. ಲೇಸರ್ ಡಾಕ್ಟರ ಹತ್ತಿರ ಹೋಗಿದ್ದರು, ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಹಿಡಿದು.

ಈ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವರು. ಭಾವ ಕಳಿಸುವ ರೋಗಿಗಳನ್ನು ವರ್ಷಗಳಿಂದ ನೋಡುತ್ತ ಬಂದವರು. ಎರಡು ವಿಧಾನ ಇವೆ ಎಂದು ವಿವರಿಸಿದರಂತೆ. ಒಂದರಲ್ಲಿ ಕಣ್ಣಿನ ಮೇಲಿನ ಪದರವನ್ನು ಮುಚ್ಚಳದ ಹಾಗೆ ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುವುದು. ಮರುದಿನವೇ ಕೆಲಸಕ್ಕೆ ಹೋಗಬಹುದು. ಇನ್ನೊಂದರಲ್ಲಿ ಮುಚ್ಚಳವೇ ಇಲ್ಲ. ಮೇಲಿನ ತೆಳು ಚರ್ಮ ತೆಗೆದುಬಿಟ್ಟು ಲೇಸರ್ ಹಾಯಿಸಿ, ಚರ್ಮ ತಾನಾಗಿ ಬೆಳೆಯಲು ಬಿಡುವುದು. ನಾಲ್ಕು ದಿನ ಉರಿ, ತಿಂಗಳುಗಟ್ಟಲೆ ಕಾಯುವುದು. ಆದರೆ ಎತ್ತರದಿಂದ ನೀರಿಗೆ ಬೀಳುವವರಿಗೆ, ಮುಖಕ್ಕೆ ಏಟು ತಿನ್ನುವವರಿಗೆ ಮುಚ್ಚಳ ಸರಿಯುವ ಭಯ ಇರಬಾರದು, ಅದಕ್ಕೆ ಎರಡನೆಯದೇ ಸರಿ. ಭಾವ ಇದನ್ನು ಹೇಳಿದಾಗ ನಾನು ತಕ್ಷಣ ಒಪ್ಪಿದೆ. ಮುಚ್ಚಳದ ಕಷ್ಟ ಏನೆಂದು ವಾಚ್ ರಿಪೇರಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಡಾಕ್ಟರು ಪವರ್ ಅಳೆದರು. ಬಲಗಣ್ಣು ಮೈನಸ್ ಐದೂವರೆ, ಎಡಗಣ್ಣು ಐದೂಕಾಲು. "ಎಷ್ಟು ದಿನದಿಂದ ಇಷ್ಟೇ ಇದೆ?" ಎಂದು ಕೇಳಿದರು. "ಎರಡು ವರ್ಷದ ಮೇಲಾಯ್ತು, ನಾನೇ ನೋಡಿದ್ದೀನಿ" ಎಂದರು ಭಾವ. ಅವರ ಕೈಯ ಅಳತೆ ಎಂಥದೆಂದು ಡಾಕ್ಟರಿಗೆ ಗೊತ್ತು. ಕಾಗದದಲ್ಲಿ "ಮನೆಯವರ ಹೇಳಿಕೆಯಂತೆ ಬದಲಾವಣೆ ಇಲ್ಲ" ಎಂದು ಬರೆದುಕೊಂಡರು.

ಆಪರೇಷನ್ ಒಂದೊಂದು ಕಣ್ಣಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ನಮಗೆ ಮಾತ್ರ ಗಡಿಯಾರವೇ ನಿಂತಂತಾಗಿತ್ತು. ಭಾವನ ಅಂಗಿಯ ಜೇಬಿನಲ್ಲಿ ಅವಳ ಹದಿನೇಳನೆಯ ಕನ್ನಡಕ ಇತ್ತು. ಅವಳನ್ನು ಮನೆಗೆ ಬಿಟ್ಟು ಅಂಗಡಿಗೆ ಬಂದವರೇ ಹಿಂದಿನ ಕೋಣೆಗೆ ಹೋಗಿ ಅದನ್ನು ಹದಿನೇಳನೆಯ ಮೊಳೆಗೆ ಹಾಕಿದರು. ಯಾವಾಗಲೂ ಮುಂದಿನದಕ್ಕೆ ಒಂದು ಮೊಳೆ ಮೊದಲೇ ಹೊಡೆದಿಡುವುದು ಅವರ ಅಭ್ಯಾಸ. ಹದಿನೆಂಟನೆಯ ಮೊಳೆ ಬರಿದಾಗಿ ನಿಂತಿತ್ತು. ಕೀಳಲು ಇಕ್ಕಳ ತೆಗೆದುಕೊಂಡರು, ಆಮೇಲೆ ಯಾಕೋ ಇಕ್ಕಳ ಕೆಳಗಿಟ್ಟರು.

ನಾಲ್ಕು ದಿನ ಬುಡ್ಡಿ ಪರದೆ ಎಳೆದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಕಣ್ಣೊಳಗೆ ಮರಳು ಹಾಕಿ ತಿರುವಿದ ಹಾಗಿದೆ ಎನ್ನುತ್ತಿದ್ದಳು. ನಾನು ನಾಲ್ಕು ಅಲಾರಂ ಗಡಿಯಾರ ಹೊಂದಿಸಿಕೊಟ್ಟೆ, ಅವು ಬಡಿದಾಗಲೆಲ್ಲ ಭಾವ ಕಣ್ಣಿಗೆ ಹನಿ ಹಾಕುತ್ತಿದ್ದರು. ಆರನೆಯ ದಿನ ಬೆಳಿಗ್ಗೆ ಅವಳು ಪರದೆ ಸರಿಸಿ, ಕಣ್ಣು ಕಿರಿದು ಮಾಡಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನೇ ನೋಡಿದಳು.

"ಮಾವ, ನಿನ್ನ ವಾಚು ಗೋಡೆ ಗಡಿಯಾರಕ್ಕಿಂತ ಎರಡು ನಿಮಿಷ ಹಿಂದಿದೆ."

ನಿಜವಾಗಿಯೂ ಹಿಂದಿತ್ತು. ವಾಚ್ ರಿಪೇರಿಯವನಿಗೆ ಇದಕ್ಕಿಂತ ಅವಮಾನ ಬೇಕೆ? ಆದರೂ ಅವತ್ತು ನಾನು ಮಕ್ಕಳ ಹಾಗೆ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ವರ್ಷ ಅವಳು ಓಡಿದಳು, ಈಜಿದಳು, ಮೂಟೆ ಹೊತ್ತು ಅಕ್ಕನ ವ್ಯಾನಿನ ಹಿಂದೆ ದಿಬ್ಬ ಹತ್ತಿದಳು. ಶಾಲೆಯ ಮಕ್ಕಳು ಹಿಂದಿನ ಕಿಟಕಿಗೆ ಮುಖ ಒತ್ತಿಕೊಂಡು "ಬುಡ್ಡಿಯಕ್ಕಾ, ಜೋರಾಗಿ!" ಎಂದು ಅರಚುತ್ತಿದ್ದವು. ದಳದ ಆಯ್ಕೆಗೆ ನಾನೂರು ಜನ ಬಂದಿದ್ದರು. ಓಟ, ಈಜು, ಕೈಕಾಲು ಕಟ್ಟಿ ನೀರಿಗೆ ತಳ್ಳುವ ಪರೀಕ್ಷೆ ಎಲ್ಲ ಮುಗಿದ ಮೇಲೆ ಉಳಿದವರು ಮೂವತ್ತೊಂದು. ಅದರಲ್ಲಿ ಬುಡ್ಡಿ ಇದ್ದಳು. ಕೊನೆಯದು ಸೈನ್ಯದ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿ. ಕಣ್ಣಿನ ಪರೀಕ್ಷೆಗೆ ಅಕ್ಷರದ ಪಟ್ಟಿ ಇಟ್ಟಿದ್ದರೆ ಅಂಗಡಿಯಲ್ಲಿ ಬೆಳೆದ ಅವಳಿಗೆ ಅದು ಬಾಯಿಪಾಠ. ಅಲ್ಲಿ ಇಟ್ಟಿದ್ದು ಬಾಯಿ ತೆರೆದ ಉಂಗುರಗಳು. ಬಾಯಿ ಯಾವ ದಿಕ್ಕಿಗೆ ಎಂದು ಹೇಳಬೇಕು. ಅವಳು ಕೊನೆಯ ಸಾಲಿನ ಕೊನೆಯ ಉಂಗುರದವರೆಗೂ ತಡವರಿಸದೆ ಹೇಳಿದಳು.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಫೋನು ಬಡಿಯಿತು. ಬುಡ್ಡಿಯ ಧ್ವನಿ. ಗೆದ್ದ ಸುದ್ದಿಯೇ ಇರಬೇಕೆಂದು ನಾನೂ ಕಿವಿ ಕೊಟ್ಟೆ.

"ಅಪ್ಪ, ನನ್ನ ಚೀಟಿ ಎಲ್ಲಿದೆ?"

"ಯಾವ ಚೀಟಿ?"

"ಆಪರೇಷನ್‌ಗೆ ಮುಂಚಿನ ಕಣ್ಣಿನ ಚೀಟಿ. ಒಂದು ವರ್ಷ ಪವರ್ ಬದಲಾಗಿಲ್ಲ ಅನ್ನೋಕೆ ಸಾಕ್ಷಿ ಬೇಕಂತೆ. ಡಾಕ್ಟರ ಕಾಗದದಲ್ಲಿ ಮನೆಯವರ ಹೇಳಿಕೆ ಅಂತಿದೆ, ಅದು ನಡೆಯಲ್ಲ ಅಂತಾರೆ. ಬೇರೆಯವರೆಲ್ಲ ಹಳೇ ಚೀಟಿಗಳ ಕಟ್ಟೇ ತಂದಿದಾರೆ ಅಪ್ಪ. ಮಂಡಳಿ ನಾಲ್ಕು ಗಂಟೆವರೆಗೆ ಕೂತಿರುತ್ತೆ. ಇಲ್ಲಾಂದ್ರೆ ಮುಂದಿನ ವರ್ಷ ಬಾ ಅಂತಾರೆ."

ಮುಂದಿನ ವರ್ಷ ಎಂದರೆ ಮುಗಿಯಿತು ಎಂದೇ ಅರ್ಥ. ಇನ್ನೆರಡು ತಿಂಗಳಿಗೆ ಅವಳಿಗೆ ಇಪ್ಪತ್ತನಾಲ್ಕು ತುಂಬುತ್ತಿತ್ತು. ಭಾವ ಫೋನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದರು. ಊರಿನ ಅರ್ಧ ಜನರ ಮನೆಯಲ್ಲಿ ಇವರು ಬರೆದ ಚೀಟಿ ಇದೆ. ಹೆತ್ತ ಮಗಳ ಹೆಸರಿನಲ್ಲಿ ಒಂದೂ ಇಲ್ಲ.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಚೀಟಿಯ ಪುಸ್ತಕ, ಪೆನ್ನು, ಸೀಲು ಮೂರನ್ನೂ ತಂದು ಅವರ ಮುಂದಿಟ್ಟೆ.

"ಬರ್ದ್ಬಿಡಿ ಭಾವ. ಎರಡು ವರ್ಷ ಹಿಂದಿನ ತಾರೀಕು ಹಾಕಿ. ಪವರ್ ಅಂತೂ ಸುಳ್ಳಲ್ಲ. ಯಾರಿಗೂ ಮೋಸ ಆಗಲ್ಲ."

ಅವರು ಪೆನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು ಎಂದೇ ಹೇಳಬೇಕು. ಆಮೇಲೆ ಸೀಲನ್ನು ಡ್ರಾಯರಿಗೆ ಹಾಕಿ ಬೀಗ ತಿರುವಿದರು.

"ನಾನು ಬರೆದ ಒಂದೊಂದು ಚೀಟಿನೂ ಕಣ್ಣು ನೋಡಿ ಬರೆದದ್ದು ಕಣಯ್ಯ. ಅವತ್ತು ಬರೆಯದೆ ಇವತ್ತು ಬರೆದರೆ ಅದು ಚೀಟಿ ಅಲ್ಲ. ಅಲ್ಲಿ ಅವಳ ಮಾತು ನಂಬಿ ಇನ್ನೊಬ್ರು ಹಗ್ಗ ಹಿಡಿದು ಇಳಿಯೋರು. ಸುಳ್ಳು ಹೇಳಿ ಕಳಿಸ್ಲಾ?"

ನನಗೆ ರೇಗಿತು. "ಹಾಗಾದ್ರೆ ಇಟ್ಕೊಳ್ಳಿ ನಿಮ್ಮ ನಿಯತ್ತು. ಹುಡುಗಿ ಜೀವಮಾನವೆಲ್ಲ ಕೊಳದ ಕುರ್ಚಿ ಮೇಲೆ ಕೂತು ಸೀಟಿ ಊದ್ಲಿ" ಎಂದು ಕೂಗಾಡಿದೆ. ಕೂಗಾಡುತ್ತಲೇ ನನ್ನ ಮೇಜಿಗೆ ಹೋಗಿ ಕೂತು, ಕೈಗೆ ಸಿಕ್ಕಿದ ವಾಚಿನ ಮುಚ್ಚಳ ತೆಗೆದೆ. ಒಳಗೆ ನನ್ನದೇ ಗೀಚು, ಏಳು ವರ್ಷ ಹಿಂದಿನ ತಾರೀಕು. ಒಂದು ಕ್ಷಣ ಬೆಪ್ಪಾಗಿ ಅದನ್ನೇ ನೋಡಿದೆ. ಆಮೇಲೆ ನಾನು ಅರಚಿದ್ದು ಪಕ್ಕದ ಅಂಗಡಿಗೂ ಕೇಳಿಸಿತಂತೆ.

"ಭಾವ! ಕಡ್ಡಿ! ಕನ್ನಡಕದ ಕಡ್ಡಿ!"

ಭಾವನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಚೀಟಿ ಇಲ್ಲದಿದ್ದರೇನು, ಹದಿನೇಳು ಕನ್ನಡಕ ಗೋಡೆಯ ಮೇಲೇ ಇದ್ದವು. ಗಾಜಿನಲ್ಲಿ ಪವರ್ ಇದೆ, ಕಡ್ಡಿಯಲ್ಲಿ ತಾರೀಕು ಇದೆ. ಯಾವ ಚೀಟಿಗಿಂತ ಕಡಿಮೆ ಅದು? ನಾನು ಒಂದೊಂದೇ ತೆಗೆದು ಪೆಟ್ಟಿಗೆಗೆ ತುಂಬಲು ಹೋದರೆ, "ಮುಟ್ಬೇಡ, ಸಾಲು ತಪ್ಪುತ್ತೆ" ಎಂದು ನನ್ನನ್ನು ತಳ್ಳಿ, ಸ್ಕ್ರೂ ಬಿಚ್ಚಿ ಇಡೀ ಹಲಗೆಯನ್ನೇ ಗೋಡೆಯಿಂದ ಇಳಿಸಿದರು. ಅಕ್ಕನಿಗೆ ಫೋನು ಹೋಯಿತು. ಮಧ್ಯಾಹ್ನದ ಮಕ್ಕಳ ಟ್ರಿಪ್ಪನ್ನು ಜೊತೆಯ ಡ್ರೈವರಿಗೆ ಒಪ್ಪಿಸಿ, ಅವಳು ಹಳದಿ ವ್ಯಾನನ್ನು ಅಂಗಡಿಯ ಮೆಟ್ಟಿಲಿಗೇ ತಂದು ನಿಲ್ಲಿಸಿದಳು.

"ಇದೇನ್ರೀ, ಬಾಗಿಲು ಕಿತ್ಕೊಂಡು ಬರ್ತಿದೀರಾ?" ಎಂದಳು ಭಾವನನ್ನು ನೋಡಿ.

ಮೂರು ಗಂಟೆಯ ದಾರಿ. ಮಕ್ಕಳ ಪುಟ್ಟ ಸೀಟುಗಳ ನಡುವೆ ಹಲಗೆಯನ್ನು ಅಡ್ಡ ಇಟ್ಟು, ಇಬ್ಬರೂ ಎರಡು ತುದಿ ಹಿಡಿದು ಕೂತೆವು. ಪ್ರತಿ ಗುಂಡಿಗೂ ಹದಿನೇಳು ಕನ್ನಡಕ ಒಟ್ಟಿಗೆ ಗಲಗಲ ಎನ್ನುತ್ತಿದ್ದವು. ಮೊದಲನೆಯದು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಗುಲಾಬಿ ಬಣ್ಣದ್ದು. ಅಲ್ಲಿಂದ ಫ್ರೇಮು ದೊಡ್ಡದಾಗುತ್ತ, ಗಾಜು ದಪ್ಪವಾಗುತ್ತ ಹೋಗುತ್ತಿತ್ತು. ಅವಳು ಬೆಳೆದದ್ದೆಲ್ಲ ಸಾಲಾಗಿ ಕಣ್ಣೆದುರಿಗೆ.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಹಲಗೆ ನೋಡಿ, "ಅಂಗಡಿ ಹಾಕೋಕೆ ಬಂದ್ರಾ? ಇಲ್ಲಿ ವ್ಯಾಪಾರ ಇಲ್ಲ" ಎಂದ. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ "ಗೇಟು ತೆಗಿಯಪ್ಪಾ" ಎಂದಳು. ಅವನು ಒಳಗೆ ಫೋನು ಮಾಡಿ ಕೇಳಿ, ತೆಗೆದ. ಆಗ ಮೂರು ಗಂಟೆ ಹತ್ತು ನಿಮಿಷ, ನನ್ನ ವಾಚಿನ ಪ್ರಕಾರ. ಈಗ ಅದು ಸರಿಯಾಗಿಯೇ ನಡೆಯುತ್ತಿದೆ.

ಮಂಡಳಿಯ ಕೋಣೆಯಲ್ಲಿ ಉದ್ದನೆಯ ಮೇಜು, ಬಿಳಿ ಟ್ಯೂಬ್‌ಲೈಟು, ಮೂವರು ವೈದ್ಯರು. ನಡುವೆ ಕೂತವರು ಕಣ್ಣಿನ ದೊಡ್ಡ ಡಾಕ್ಟರು, ನರೆತ ಕೂದಲಿನ ಹೆಂಗಸು, ಎದೆಯ ಮೇಲೆ ಪದಕದ ಪಟ್ಟಿ. ಗೋಡೆ ಬದಿಯಲ್ಲಿ ಬುಡ್ಡಿ ನೆಟ್ಟಗೆ ನಿಂತಿದ್ದಳು. ನಾವು ಹಲಗೆ ಹೊತ್ತು ಒಳಗೆ ಬಂದದ್ದನ್ನು ನೋಡಿ ಅವಳ ಬಾಯಿ ತೆರೆದುಕೊಂಡಿತು, ಮತ್ತೆ ಮುಚ್ಚಿಕೊಂಡಿತು.

ಭಾವ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಹೇಳಬೇಕಾದ್ದನ್ನು ಹೇಳಿದರು. ದೊಡ್ಡ ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಪಕ್ಕದ ಕೋಣೆಯಿಂದ ಗಾಜಿನ ಪವರ್ ಅಳೆಯುವ ಯಂತ್ರ ತರಿಸಿದರು. ಯಂತ್ರದವನು ಒಂದೊಂದೇ ಕನ್ನಡಕ ಇಟ್ಟು ಗಟ್ಟಿಯಾಗಿ ಓದಿದ. ನಾನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಡ್ಡಿಯ ತಾರೀಕು ಓದಿದೆ. ಪ್ರತಿ ಸಲವೂ ಡಾಕ್ಟರು ನನ್ನ ಭೂತಗನ್ನಡಿ ಇಸಕೊಂಡು ತಾವೂ ನೋಡುತ್ತಿದ್ದರು. ಒಂದು. ಒಂದೂಮುಕ್ಕಾಲು. ಎರಡೂವರೆ. ಹೀಗೇ ಮೆಟ್ಟಿಲು ಹತ್ತುತ್ತ ಹದಿನಾರಕ್ಕೆ ಬಂದೆವು.

"ಬಲ ಐದೂವರೆ, ಎಡ ಐದೂಕಾಲು," ಎಂದ ಯಂತ್ರದವನು. ಕಡ್ಡಿಯ ಮೇಲೆ ಆಪರೇಷನ್ನಿಗೆ ಎರಡು ವರ್ಷ ನಾಲ್ಕು ತಿಂಗಳು ಮುಂಚಿನ ತಾರೀಕು. ಹದಿನೇಳನೆಯದು ಹತ್ತು ತಿಂಗಳು ಮುಂಚಿನದು. ಅವನು ಇಟ್ಟು ನೋಡಿದ, ತೆಗೆದು ಒರೆಸಿ ಮತ್ತೆ ಇಟ್ಟ.

"ಬಲ ಐದೂವರೆ, ಎಡ ಐದೂಕಾಲು. ಕಾಲು ಪಾಯಿಂಟ್ ಕೂಡ ವ್ಯತ್ಯಾಸ ಇಲ್ಲ ಮೇಡಂ."

ಆ ಎರಡು ಪದ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ದೊಡ್ಡ ಡಾಕ್ಟರು ನನ್ನತ್ತ ಒಂದು ನೋಟ ಬೀರಿದರು, ನಗು ಗಂಟಲಲ್ಲೇ ಸತ್ತಿತು.

"ಈ ತಾರೀಕು ನಿನ್ನೆ ಗೀಚಿದ್ದಲ್ಲ ಅಂತ ಹೇಗೆ ನಂಬೋದು?" ಎಂದು ಕೇಳಿದರು.

ಇದು ನನ್ನ ಕಸುಬಿನ ಪ್ರಶ್ನೆ. ನಾನು ಸೂಜಿ ತೆಗೆದು ಅದೇ ಕಡ್ಡಿಯ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆದೆ. ಹೊಸ ಗೆರೆ ಫಳಫಳ ಹೊಳೆಯಿತು. ಪಕ್ಕದ ಹಳೆಯ ಗೀಚಿನಲ್ಲಿ ಬೆವರು, ಕೊಳದ ನೀರು ಕೂತು ಹಸಿರುಗಟ್ಟಿತ್ತು. ಅವರು ಭೂತಗನ್ನಡಿಯಲ್ಲಿ ಎರಡನ್ನೂ ನೋಡಿದರು. "ಕಡ್ಡಿ ಹಳೇದು, ಒಪ್ಪಿದೆ. ಗಾಜು? ಹೊಸ ಗಾಜು ಕೂರಿಸಿ ತಂದಿರಬಹುದಲ್ಲ? ನಿಮಗೆ ಅದು ದೊಡ್ಡ ಕೆಲಸವೇನಲ್ಲ."

ಆಗ ಭಾವ ಎದ್ದು ನಿಂತರು. ಅವರು ಧ್ವನಿ ಎತ್ತಿದ್ದನ್ನು ನಾನು ಆ ಒಂದೇ ಸಲ ಕೇಳಿದ್ದು.

"ಮೇಡಂ, ನಂಗೆ ಸುಳ್ಳು ಹೇಳೋದಿದ್ರೆ ಒಂದು ಚೀಟಿ ಬರೆದು ತರ್ತಿದ್ದೆ. ಅಂಗಡಿ ನಂದು, ಪೆನ್ನು ನಂದು, ಸೀಲು ನಂದು. ಎರಡು ನಿಮಿಷದ ಕೆಲಸ. ಈ ಹಲಗೆ ಹೊತ್ಕೊಂಡು ಬರ್ತಿದ್ನಾ?"

ನಾನು ನೆಲ ನೋಡಿದೆ, ಯಾಕೆಂದರೆ ಆ ಚೀಟಿ ಬರೆಯಲು ಹೇಳಿದವನು ನಾನೇ. ದೊಡ್ಡ ಡಾಕ್ಟರು ಹದಿನಾರನೆಯ ಕನ್ನಡಕವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಕಂದು ಫ್ರೇಮು, ಆದರೆ ಒಂದು ಕಡ್ಡಿ ಮಾತ್ರ ಕಪ್ಪು. ಕೊಳದ ಮೆಟ್ಟಿಲಲ್ಲಿ ಯಾರೋ ತುಳಿದು ಮುರಿದಿದ್ದಕ್ಕೆ ಭಾವ ಬೇರೆ ಕಡ್ಡಿ ಹಾಕಿಕೊಟ್ಟಿದ್ದರು, ತಾರೀಕು ಇದ್ದದ್ದು ಹಳೆಯ ಕಂದು ಕಡ್ಡಿಯಲ್ಲೇ. ಗಾಜಿನ ಮೇಲೂ ಆಗ ಬಿದ್ದ ಉದ್ದನೆಯ ಗೀರು. ಡಾಕ್ಟರು ಕನ್ನಡಕ ಕೆಳಗಿಟ್ಟು ಬುಡ್ಡಿಯ ಫೈಲು ತೆರೆದರು, ಹಾಳೆ ಮಗುಚಿದರು. ಕೊಳದ ಕಾವಲಿನ ನವೀಕರಿಸಿದ ಲೈಸೆನ್ಸ್ ಸಿಕ್ಕಿತು. ಮೂಲೆಯಲ್ಲಿ ಫೋಟೋ, ಫೋಟೋದ ಮೇಲೆ ಆಪರೇಷನ್ನಿಗೆ ಒಂದೂವರೆ ವರ್ಷ ಮುಂಚಿನ ತಾರೀಕಿನ ಸೀಲು. ಫೋಟೋದಲ್ಲಿ ಬುಡ್ಡಿ ಹಲ್ಲು ಕಿರಿದು ನಿಂತಿದ್ದಳು, ಒಂದು ಕಡ್ಡಿ ಕಂದು, ಇನ್ನೊಂದು ಕಪ್ಪು. ಬಲಗಡೆ ಗಾಜಿನ ಮೇಲೆ ಕ್ಯಾಮೆರಾದ ಬೆಳಕು ಬಿದ್ದು ಅದೇ ಗೀರು ಬೆಳ್ಳಗೆ ಕಾಣುತ್ತಿತ್ತು.

ಅವರು ಫೋಟೋದ ಮೇಲೂ ಭೂತಗನ್ನಡಿ ಹಿಡಿದರು. ಕನ್ನಡಕ ನೋಡಿದರು, ಮತ್ತೆ ಫೋಟೋ ನೋಡಿದರು. ಪಕ್ಕದ ಇಬ್ಬರಿಗೂ ಕೊಟ್ಟರು. ನಾಲ್ಕಕ್ಕೆ ಎಂಟು ನಿಮಿಷ ಇತ್ತು.

"ಇಷ್ಟು ವರ್ಷದಲ್ಲಿ ಯಾರೂ ಹೀಗೆ ಸಾಕ್ಷಿ ತಂದಿರಲಿಲ್ಲ," ಎಂದರು. ಫೈಲಿನಲ್ಲಿ ಬರೆದರು, ಬರೆದದ್ದನ್ನು ಓದಿ ಹೇಳಿದರು: "ಹದಿನೇಳು ಕನ್ನಡಕಗಳನ್ನು ಮಂಡಳಿ ಪರಿಶೀಲಿಸಿದೆ. ಪವರ್ ಸ್ಥಿರವಾಗಿತ್ತು. ಅಭ್ಯರ್ಥಿ ಅರ್ಹಳು." ಸೀಲು ಬಿದ್ದ ಸದ್ದಿಗೆ ಬುಡ್ಡಿ ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದವಳು ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು. ಅಕ್ಕ ಸೈನ್ಯದ ಕೋಣೆ ಎಂದೂ ನೋಡದೆ ಚಪ್ಪಾಳೆ ತಟ್ಟಿದಳು. ಯಂತ್ರದವನೂ ತಟ್ಟಿದ. ದೊಡ್ಡ ಡಾಕ್ಟರು ಭಾವನನ್ನು ಹತ್ತಿರ ಕರೆದು, ತಮ್ಮ ಓದುವ ಕನ್ನಡಕ ತೆಗೆದು ಕೈಗಿಟ್ಟು, "ಇದು ಯಾಕೋ ತಲೆನೋವು ಬರಿಸುತ್ತೆ, ನೋಡ್ತೀರಾ?" ಎಂದರು. ಭಾವ ಅದನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು.

"ಕಾಲು ಪಾಯಿಂಟ್ ಜಾಸ್ತಿ ಆ‌ಗಿದೆ ಮೇಡಂ," ಎಂದರು.

ತರಬೇತಿ ಹನ್ನೊಂದು ತಿಂಗಳು ನಡೆಯಿತು. ಮೂವತ್ತೊಂದರಲ್ಲಿ ಕೊನೆಗೆ ಉಳಿದವರು ಹನ್ನೆರಡು. ಕೊನೆಯ ದಿನ ನಮ್ಮನ್ನು ದಡಕ್ಕೆ ಕರೆದಿದ್ದರು. ಹೆಲಿಕಾಪ್ಟರು ಎಷ್ಟೋ ದೂರದಲ್ಲಿ, ಕಡಲಿನ ಮೇಲೆ. ಒಂದೊಂದೇ ಚುಕ್ಕೆ ಕೆಳಗೆ ಬಿತ್ತು. ಅದರಲ್ಲಿ ನಮ್ಮವಳು ಯಾರೆಂದು ನನ್ನ ಕಣ್ಣಿಗೆ ಗೊತ್ತಾಗಲಿಲ್ಲ, ಭಾವನಿಗೂ ಆಗಲಿಲ್ಲ. ದಡಕ್ಕೆ ಬಂದವಳು, "ಅಪ್ಪ, ಮೇಲಿಂದ ನೀನು ಕಾಣಿಸ್ದೆ. ನೀಲಿ ಅಂಗಿ, ಮಾವನ ಪಕ್ಕ" ಎಂದಳು. ಭಾವ ಆ ದಿನ ನೀಲಿ ಅಂಗಿಯನ್ನೇ ಹಾಕಿದ್ದರು. ನನಗೆ ಹೆಮ್ಮೆಯಿಂದ ಎದೆ ಒಡೆಯುವುದೊಂದು ಬಾಕಿ.

ರಜೆಗೆಂದು ಮನೆಗೆ ಬಂದ ಮೊದಲ ದಿನ ಬುಡ್ಡಿ ಎದೆಯ ಮೇಲೆ ದಳದ ಬಿಲ್ಲೆ ಹಾಕಿಕೊಂಡೇ ಅಂಗಡಿಗೆ ಬಂದಳು. ಗಿರಾಕಿಗಳು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಭಾವ ಮಾತ್ರ "ಅದರಲ್ಲಿ ಬೇಡ, ಸ್ಟೂಲಿನ ಮೇಲೆ ಕೂತ್ಕೋ" ಎಂದರು. ಕಾದಿದ್ದ ಮೂವರು ಗಿರಾಕಿಗಳನ್ನು ಹಾಗೇ ಬಿಟ್ಟು, ಮುಕ್ಕಾಲು ಗಂಟೆ ಅವಳ ಕಣ್ಣು ಪರೀಕ್ಷಿಸಿದರು. ಇದು ಚೆನ್ನಾಗಿದ್ಯಾ, ಇದಾ, ಇನ್ನೊಂದ್ಸಲ ನೋಡು. ಅವಳು ಒಂದು ಸಲವೂ ಬೇಸರಿಸಲಿಲ್ಲ. ಆಮೇಲೆ ಭಾವ ಡ್ರಾಯರಿನ ಬೀಗ ತೆಗೆದರು. ಚೀಟಿಯ ಪುಸ್ತಕ ಬಿಡಿಸಿ, ಮಗಳ ಪೂರ್ತಿ ಹೆಸರು ಬರೆದು, ಅವತ್ತಿನ ತಾರೀಕು ಹಾಕಿದರು. ಬಲಗಣ್ಣು: ಕನ್ನಡಕ ಬೇಡ. ಎಡಗಣ್ಣು: ಕನ್ನಡಕ ಬೇಡ. ಸಹಿ ಮಾಡಿ, ಸೀಲು ಒತ್ತಿ, ಶಾಯಿ ಆರುವವರೆಗೆ ಊದಿದರು.

ಹಲಗೆ ಈಗ ಮತ್ತೆ ಗೋಡೆಯ ಮೇಲಿದೆ. ಆ ಚೀಟಿ ಹದಿನೆಂಟನೆಯ ಮೊಳೆಯಲ್ಲಿದೆ.